ಮೊಟ್ಟೆ ಪೆಟ್ಟಿಗೆಯ ದೀಪ

ಕೋಳಿ ಸಾಕಣೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗರು ಈಚೆಗೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಕರೆಂಟು ಇಲ್ಲದ ಕಾಲದಲ್ಲಿ ಯಂತ್ರದಲ್ಲಿ ಮರಿ ಹೇಗೆ ಮಾಡಿಸುತ್ತಿದ್ದಿರಿ, ಎರಡು ಪುಟ ಬರೆದುಕೊಡಿ ಎಂದು ಕೇಳಿದರು. ನಿವೃತ್ತನಾದವನ ಕೈಗೆ ಕಾಗದ ಕೊಟ್ಟರೆ ಅವನು ಎರಡು ಪುಟಕ್ಕೆ ನಿಲ್ಲುವುದಿಲ್ಲ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಬಡ್ತಿಗಳ ಕಥೆ ಹೇಳುವುದಿಲ್ಲ. ನನಗೆ ಸಿಕ್ಕ ಬಡ್ತಿಗಳೆಲ್ಲ ನನಗಿಂತ ಮುಂದಿದ್ದವರು ಜಾಗ ಖಾಲಿ ಮಾಡಿದ್ದರಿಂದ ಸಿಕ್ಕಿದವು. ಅದರಲ್ಲಿ ನನ್ನ ಪ್ರತಾಪವೇನೂ ಇಲ್ಲ. ಜೀವಮಾನವೆಲ್ಲ ಮೊಟ್ಟೆಗಳ ನಡುವೆ ಕಳೆದು ಒಂದು ಮೊಟ್ಟೆಯನ್ನೂ ಬಾಯಿಗಿಡದೆ ನಿವೃತ್ತನಾದ ನೌಕರ ಇಲಾಖೆಯಲ್ಲಿ ಬಹುಶಃ ನಾನೊಬ್ಬನೇ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಅಮ್ಮ ಬದುಕಿದ್ದಷ್ಟು ಕಾಲ ಧೈರ್ಯ ಬರಲಿಲ್ಲ, ಆಮೇಲೆ ಆಸೆ ಉಳಿದಿರಲಿಲ್ಲ.

ನಾನು ಹೇಳಲು ಹೊರಟಿರುವುದು ಇಲಾಖೆ ಸೇರುವುದಕ್ಕೂ ಮುಂಚಿನ ಸಂಗತಿ. ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತು. ಕೊಟ್ಟಿಗೆಹಾರದಿಂದ ಒಳಕ್ಕೆ, ಇಂಗ್ಲಿಷರದೊಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ದೊರೆಯ ಕೈಯಲ್ಲಿ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಎಸ್ಟೇಟು ಕೊಟ್ಟ ಮಣ್ಣುಗೋಡೆಯ ಮನೆಯಲ್ಲಿ ನಾನು, ನನ್ನ ಹೆಂಡತಿ ಲಲಿತೆ, ಮತ್ತು ಅಮ್ಮ. ಈರುಳ್ಳಿ ಕೂಡ ಅಂಗಳದಿಂದ ಒಳಗೆ ಬಾರದ ಮನೆ ಅದು. ಲೈನಿನವರು, ಅಂದರೆ ಆಳುಗಳ ಸಾಲುಮನೆಯವರು, ಏನಾದರೂ ಹೇಳಬೇಕಿದ್ದರೆ ಅಂಗಳದಲ್ಲೇ ನಿಂತು ಹೇಳಿ ಹೋಗಬೇಕು. ಅದು ಅಮ್ಮನ ಕಾನೂನು. ಆ ಕಾನೂನನ್ನು ನಾನೂ ಎಂದೂ ಪ್ರಶ್ನಿಸಿದವನಲ್ಲ.

ದೊರೆಗೆ ಆಳುಗಳು ಇಟ್ಟಿದ್ದ ಹೆಸರು ಗಾಜುಕಡ್ಡಿ ದೊರೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಥರ್ಮಾಮೀಟರು ಇರುತ್ತಿತ್ತು. ಅದನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿಗೆ ಅದ್ದುತ್ತಿದ್ದ, ಕೆರೆಗೆ ಅದ್ದುತ್ತಿದ್ದ, ಬಟ್ಲರ್ ತಂದಿಟ್ಟ ಸೂಪಿಗೂ ಅದ್ದುತ್ತಿದ್ದ. ಮೂರಕ್ಕೂ ಒಂದೇ ಕಡ್ಡಿ ಎಂದು ಬಟ್ಲರ್ ನನ್ನ ಹತ್ತಿರ ಆಣೆ ಮಾಡಿ ಹೇಳಿದ್ದ. ದೊರೆ ಕೆಟ್ಟವನಲ್ಲ. ಯಾವುದನ್ನು ಅಳೆಯಲು ಬರುವುದಿಲ್ಲವೋ ಅದು ಇಲ್ಲವೇ ಇಲ್ಲ ಎಂದು ನಂಬಿದ್ದ ಮನುಷ್ಯ, ಅಷ್ಟೆ.

ಯುದ್ಧ ಶುರುವಾದ ಮೇಲೆ ಸಿಪಾಯಿಗಳಿಗೆ ಮೊಟ್ಟೆ ಒದಗಿಸುವುದು ತನ್ನ ಕರ್ತವ್ಯ ಎಂದು ಅವನಿಗೆ ಅನ್ನಿಸಿತು. ನಮ್ಮ ಊರಿನ ಕೋಳಿ ಕಾವಿಗೆ ಕೂತರೆ ಮೊಟ್ಟೆ ಇಡುವುದನ್ನು ನಿಲ್ಲಿಸಿಬಿಡುತ್ತದೆ, ಇದು ಶುದ್ಧ ಸೋಮಾರಿತನ ಎಂದು ಮೈಗಳ್ಳ ಆಳಿನ ಮೇಲೆ ಹರಿಹಾಯುವ ಹಾಗೆ ಕೋಳಿಯ ಮೇಲೆ ಹರಿಹಾಯ್ದ. ಆಮೇಲೆ ಬಿಳಿ ಬಣ್ಣದ ಸೀಮೆಕೋಳಿಗಳು ಬಂದವು. ಅವುಗಳ ಹಿಂದೆಯೇ, ಯುದ್ಧದಿಂದಾಗಿ ಹಡಗುಗಳು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ, ವಿಲಾಯತಿಯಿಂದ ಯಂತ್ರವೂ ಬಂತು. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ಮೊಟ್ಟೆ ಇಡುವ ತಟ್ಟೆ, ಕೆಳಗೆ ನೀರಿನ ತಟ್ಟೆ. ಪಕ್ಕದಲ್ಲಿ ಅಗಲ ಬತ್ತಿಯ ದೊಡ್ಡ ಸೀಮೆಎಣ್ಣೆ ದೀಪ. ಅದರ ತಗಡಿನ ಚಿಮಣಿಯ ಮೂಲಕ ಬಿಸಿ ಪೆಟ್ಟಿಗೆಯೊಳಗೆ ಹೋಗಬೇಕು. ಕೋಳಿ ಮಾಡುವ ಕೆಲಸವನ್ನು ದೀಪ ಮಾಡುತ್ತದೆ, ಕೋಳಿಯ ತಲೆಯ ಕೆಲಸವನ್ನು ರೈಟರ್ ಮಾಡಬೇಕು ಎಂದು ದೊರೆ ನನಗೆ ವಿವರಿಸಿದ. ನಾನು ಸರಿ ಎಂದೆ. ನೌಕರಿಯಲ್ಲಿ ಅದುವರೆಗೆ ಬೇರೆ ಶಬ್ದವನ್ನೇ ನಾನು ಬಳಸಿರಲಿಲ್ಲ.

ಯಂತ್ರದ ಜೊತೆ ಬಂದ ಪುಸ್ತಕದ ಪ್ರಕಾರ ಹಗಲೂ ರಾತ್ರಿಯೂ ಶಾಖ ಏರುಪೇರಾಗದ ಕೋಣೆ ಬೇಕು. ಬಂಗಲೆಗೆ ಸುತ್ತಲೂ ಕಿಟಕಿ, ಚಾರ್ಮಾಡಿ ಘಾಟಿಯ ಕಡೆಯ ಗಾಳಿ ನೇರ ಊಟದ ಮೇಜಿನ ಮೇಲೇ ಬೀಸುತ್ತಿತ್ತು. ದೊರೆ ಗಾಜುಕಡ್ಡಿ ಹಿಡಿದು ಉಗ್ರಾಣ, ಕುದುರೆ ಲಾಯ, ಹೊಗೆಮನೆ ಎಲ್ಲ ಸುತ್ತಿ ಕೊನೆಗೆ ನನ್ನ ಮನೆಯ ಜಗಲಿಗೆ ಬಂದ. ಒಳಗೆ ಕಿಟಕಿ ಇಲ್ಲದ ಕೋಣೆ ಇದೆಯೇ ಎಂದು ಕೇಳಿದ. ಇದ್ದುದು ಒಂದೇ, ಅಮ್ಮನ ದೇವರ ಕೋಣೆ. ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಒಳಗಿಟ್ಟು ಬರಲು ಹೇಳಿದ. ನಾನು ಸಾಲಿಗ್ರಾಮದ ಪಕ್ಕದಲ್ಲಿಟ್ಟು ಬಂದೆ. ಸಂಜೆ ನೋಡಿದಾಗ ದೊರೆಯ ಮುಖ ಅರಳಿತು. ಇಡೀ ಎಸ್ಟೇಟಿನಲ್ಲಿ ಇಷ್ಟು ಸ್ಥಿರವಾದ ಶಾಖ ಬೇರೆ ಎಲ್ಲೂ ಇಲ್ಲ ಎಂದ. ದೇವರ ಈ ಮಹಿಮೆಯನ್ನು ನಮ್ಮ ಪುರೋಹಿತರು ಯಾರೂ ಹೇಳಿರಲಿಲ್ಲ.

ಅಮ್ಮ ದೇವರನ್ನು ಅಡಿಗೆಮನೆಯ ಗೂಡಿಗೆ ಸಾಗಿಸಿದಳು. ಜಗಳವಾಡಲಿಲ್ಲ; ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂದಿನಿಂದ ನನ್ನೊಡನೆ ನೇರ ಮಾತು ನಿಲ್ಲಿಸಿದಳು. ಊಟಕ್ಕೆ ಕೂತವನ ಎದುರಿಗೇ ನಿಂತು, ಇವನಿಗೆ ಇನ್ನೂ ಅನ್ನ ಬೇಕಾ ಕೇಳು ಎಂದು ಲಲಿತೆಗೆ ಹೇಳುವಳು. ಬೇಡ ಎಂದು ನಾನೂ ಲಲಿತೆಗೇ ಹೇಳುವುದು. ನೌಕರಿ ಬಿಟ್ಟರೆ ಮನೆಯೂ ಬಿಡಬೇಕು, ಹೋಗಲು ಬೇರೆ ಜಾಗವಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಹಾಗಾಗಿ ಯಂತ್ರ ಉಳಿಯಿತು.

ಮೊದಲ ಸಲದ ಮೊಟ್ಟೆಗಳನ್ನು ಕೆಡಿಸಿದವನು ಐತ ಮೇಸ್ತ್ರಿ. ಅವನು ಹುಟ್ಟಿದಾಗಿನಿಂದ ಕಾಫಿಯಲ್ಲಿ ಬೆಳೆದವನು, ಆಳುಗಳ ಮುಖ್ಯಸ್ಥ. ಕೋಳಿಗೂಡಿನಿಂದ ಬಂದ ಮೊಟ್ಟೆಗಳು ಕೊಳೆಯಾಗಿವೆ, ಸರಿಮಾಡಿ ತಾ ಎಂದು ದೊರೆ ಬುಟ್ಟಿಯನ್ನು ಅವನ ಕೈಗೆ ಕೊಟ್ಟ. ಐತ ಅವನ್ನು ಪಲ್ಪರ್ ಮನೆಗೆ ಒಯ್ದು ಕಾಫಿ ಹಣ್ಣು ಸುರಿಯುವ ಹಾಗೆ ತೊಟ್ಟಿಗೆ ಬಿಟ್ಟ. ತೇಲಿದ್ದನ್ನು ಕಳಪೆ ಎಂದು ಬಾಚಿ ಎಸೆದ. ಮುಳುಗಿದ್ದನ್ನು ಗೋಣಿ ಹಾಕಿ ತಿಕ್ಕಿ, ಮೂರು ನೀರಿನಲ್ಲಿ ತೊಳೆದು, ಪಾರ್ಚ್‌ಮೆಂಟ್ ಎಂಬ ಸಿಪ್ಪೆ ಬಿಡಿಸಿದ ಕಾಫಿ ಬೀಜ ಒಣಗಿಸುವ ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟ. ಇಬ್ಬರು ಹೆಂಗಸರನ್ನು ಕೂರಿಸಿ ದಪ್ಪದ್ದು ಬೇರೆ, ಸಣ್ಣದ್ದು ಬೇರೆ ಎಂದು ಆರಿಸಿಯೂ ಇದ್ದ. ಸಂಜೆ ಹೊಳೆಯುವ ಮೊಟ್ಟೆಗಳನ್ನು ತಂದು ದೊರೆಯ ಮುಂದಿಟ್ಟು, ಇದಕ್ಕಿಂತ ಒಳ್ಳೆಯ ಮಾಲು ಚಿಕ್ಕಮಗಳೂರಿನ ಯಾವ ಕ್ಯೂರಿಂಗ್ ವರ್ಕ್ಸಿನಲ್ಲೂ ಸಿಗುವುದಿಲ್ಲ ಎಂದ. ದೊರೆ ಮೆಚ್ಚಿಕೊಂಡ. ಅವನೂ ಕಾಫಿಯವನೇ ತಾನೆ.

ತೊಳೆದ ಮೊಟ್ಟೆಯ ಚಿಪ್ಪಿಗೆ ಕೊಳೆ ತಡೆಯುವ ಶಕ್ತಿ ಹೋಗಿಬಿಡುತ್ತದೆ. ಇದು ಈಗ ನಿಮಗೆ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. ನಮಗೆ ಹೇಳಿಕೊಟ್ಟಿದ್ದು ಮೂಗು. ಎರಡನೆಯ ವಾರ ಒಂದು ಮೊಟ್ಟೆ ಪಟ್ ಎಂದು ಒಡೆಯಿತು, ಅದರ ಹಿಂದೆ ಇನ್ನೊಂದು. ಅಮ್ಮ ಅಡಿಗೆಮನೆಯ ದೇವರನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ಮನೆಗೆ ಸಗಣಿ ಸಾರಿಸಿ, ಸಾಂಬ್ರಾಣಿ ಹಾಕಿ, ನಾನು ತಲೆಗೆ ಸ್ನಾನ ಮಾಡಿದರೂ ವಾರದವರೆಗೆ ಆ ವಾಸನೆ ನನ್ನನ್ನು ಬಿಡಲಿಲ್ಲ. ಬಂಗಲೆಯಲ್ಲಿ ನಾನು ಹತ್ತಿರ ಬಂದರೆ ನಾಯಿ ಎದ್ದು ಹೋಗುತ್ತಿತ್ತು.

ಎರಡನೆಯ ಸಲ ತೊಳೆಯಲಿಲ್ಲ. ಆ ಸಲ ಕೆಡಿಸಿದ್ದು ಪುಸ್ತಕ. ನೀರಿನ ತಟ್ಟೆ ಸದಾ ತುಂಬಿರಬೇಕು, ಕೋಣೆಯ ಗಾಳಿ ಒಣಗಿರುತ್ತದೆ ಎಂದು ಅದರಲ್ಲಿತ್ತು. ಬರೆದವನು ಕೊಟ್ಟಿಗೆಹಾರ ಕಂಡವನಲ್ಲ. ಜೂನ್ ಕಳೆದ ಮೇಲೆ ಇಲ್ಲಿ ಡಬ್ಬಿಯ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಬೆಳೆಯುತ್ತದೆ. ಅಂಥ ಗಾಳಿಗೆ ಇನ್ನಷ್ಟು ನೀರು ಕುಡಿಸಿದೆವು. ಮರಿಗಳು ಪೂರ್ತಿ ಬೆಳೆದು, ಚಿಪ್ಪು ಒಡೆಯಲಾಗದೆ ಒಳಗೇ ಸತ್ತಿದ್ದವು. ಕಾರಣ ಆಗ ನನಗೂ ತಿಳಿದಿರಲಿಲ್ಲ. ಬಹಳ ವರ್ಷದ ಮೇಲೆ ಇಲಾಖೆಯಲ್ಲಿ ತಿಳಿಯಿತು. ಆ ದಿನ ಒಂದೊಂದೇ ಚಿಪ್ಪು ಬಿಡಿಸಿ ನೋಡುವಾಗ ನನಗೆ ನಿಜವಾಗಿ ಸಂಕಟವಾಗಿತ್ತು. ನನ್ನ ಮನೆಯಲ್ಲಿ, ನನ್ನ ಕೈಯಲ್ಲಿ ಬೆಳೆದಿದ್ದ ಜೀವಗಳು. ದೊರೆ ಬಂದವನೇ ಎಂದಿನ ಪ್ರಶ್ನೆ ಕೇಳಿದ.

"ಇಟ್ಟಿದ್ದು ಎಷ್ಟು, ಬದುಕಿದ್ದು ಎಷ್ಟು?"

ಅವನ ಉಳಿದ ಕನ್ನಡ ಹರಕುಮುರುಕು; ಈ ಎರಡು ಪ್ರಶ್ನೆಗಳನ್ನು ಮಾತ್ರ ಶುದ್ಧವಾಗಿ ಕಲಿತಿದ್ದ. ತಟ್ಟೆ ತುಂಬ ಇಟ್ಟಿದ್ದು, ಬೆರಳಿನಲ್ಲಿ ಎಣಿಸುವಷ್ಟು ಬದುಕಿದ್ದು ಎಂದು ಹೇಳುವುದು ನನಗೆ ಅಭ್ಯಾಸವಾಯಿತು. ಮುಂದೆ ಇಲಾಖೆಯಲ್ಲಿ ನನ್ನ ಮೇಲಿನ ಅಧಿಕಾರಿಗಳೆಲ್ಲ ಕೇಳಿದ್ದೂ ಇದೇ ಎರಡು ಪ್ರಶ್ನೆ. ನಿಮ್ಮನ್ನೂ ಕೇಳುತ್ತಾರೆ. ಎರಡನ್ನು ಬಿಟ್ಟು ಮೂರನೆಯ ಪ್ರಶ್ನೆ ಕೇಳಿದ ಅಧಿಕಾರಿ ಒಬ್ಬನೇ. ಅವನು ಮಧ್ಯಾಹ್ನದ ಊಟಕ್ಕೆ ಕೋಳಿ ಯಾವುದು ಎಂದು ಕೇಳಿದ್ದ.

ಮಾರನೆಯ ವರ್ಷ ಲಲಿತೆ ಬಸುರಿಯಾದಳು. ಚೊಚ್ಚಲ ಹೆರಿಗೆ, ತವರಿಗೆ ಕಳಿಸಬೇಕು. ಅವಳ ತವರು ಕಳಸ. ಅಮ್ಮ ಪಂಚಾಂಗ ತೆಗೆದು ಈ ವಾರ ಬೇಡ, ಆ ನಕ್ಷತ್ರ ಬೇಡ ಎಂದು ಹೊರಡುವ ದಿನವನ್ನು ಮುಂದೆ ತಳ್ಳುತ್ತ ಹೋದಳು. ಆಷಾಢ ಬಂತು, ಅದರಲ್ಲಂತೂ ಆಗಲೇ ಬಾರದು ಎಂದಳು. ಅಷ್ಟರಲ್ಲಿ ಭದ್ರೆ ತುಂಬಿ ಕಳಸದ ದಾರಿಯೇ ಮುಚ್ಚಿತು. ಹೊಳೆ ಪಂಚಾಂಗ ನೋಡುವುದಿಲ್ಲ ಎಂದು ನಾನು ಲಲಿತೆಯ ಮೂಲಕ ಅಮ್ಮನಿಗೆ ತಿಳಿಸಿದೆ. ಮೂಡಿಗೆರೆಯಿಂದ ಸೂಲಗಿತ್ತಿ ಯಾರನ್ನಾದರೂ ಕರೆಸಿದರಾಯಿತು ಎಂದು ಅವಳು ಲಲಿತೆಯ ಮೂಲಕ ಉತ್ತರ ಕೊಟ್ಟಳು.

ಆಗ ಲಲಿತೆ ಯಂತ್ರದ ಹತ್ತಿರ ಬಂದು ಕೂರುತ್ತಿದ್ದಳು. ವಾರ ಕಳೆದ ಮೊಟ್ಟೆಯನ್ನು ದೀಪದ ಎದುರು ಹಿಡಿದರೆ ಒಳಗೆ ಕೆಂಪು ಎಳೆಗಳು, ನಡುವೆ ಮಿಡಿಯುವ ಒಂದು ಚುಕ್ಕೆ ಕಾಣುತ್ತದೆ. ಅವಳಿಗೆ ತೋರಿಸಿದೆ. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬಸುರಿ ಅದನ್ನೆಲ್ಲ ನೋಡಬಾರದು ಎಂದು ಅಡಿಗೆಮನೆಯಿಂದ ಗೋಡೆಗೆ ಹೇಳಿದ ಹಾಗೆ ಅಮ್ಮ ಹೇಳಿದಳು.

ಅದೇ ಮಳೆಗಾಲಕ್ಕೆ ಸೀಮೆಎಣ್ಣೆಗೆ ಕಂಟ್ರೋಲು ಬಂತು. ಅದುವರೆಗೆ ಲೈನಿನ ಒಂದೊಂದು ಕೋಣೆಗೂ ವಾರಕ್ಕೊಂದು ಬಾಟಲಿ ಎಣ್ಣೆ ಸಿಗುತ್ತಿತ್ತು. ದೊರೆ ಪಾಲು ಮಾಡಲು ಕೂತ. ಬಂಗಲೆಗೆ ಬೇಕು, ಯಂತ್ರಕ್ಕೆ ಬೇಕು. ಇಷ್ಟಾಗುವಾಗ ಡಬ್ಬ ಮುಗಿಯಿತು. ಲೈನಿನವರು ಹಗಲು ತೋಟದಲ್ಲಿರುತ್ತಾರೆ, ರಾತ್ರಿ ಮಲಗಿರುತ್ತಾರೆ, ಅವರಿಗೆ ದೀಪದ ಕೆಲಸವೇನು ಎಂದು ಕೇಳಿದ. ಐತ ಮೇಸ್ತ್ರಿ ಸರಿ ದೊರೆ ಎಂದು ಕೈಮುಗಿದು ಹೊರಗೆ ಬಂದು ನನ್ನ ಹತ್ತಿರ ಬೀಡಿ ಹಚ್ಚಿದ.

"ಮುಂದಿನ ಜನ್ಮ ಅಂತ ಒಂದು ಉಂಟಾದ್ರೆ ಬಿಳಿ ಕೋಳಿ ಮೊಟ್ಟೆಯಾಗಿ ಹುಟ್ಟಬೇಕು ಮಾರಾಯ. ಬೆಚ್ಚಗೆ ಮಲಗಬಹುದು, ದೀಪ ನೋಡಿಕೊಳ್ಳಲಿಕ್ಕೆ ರೈಟರೂ ಸಿಗ್ತಾರೆ."

ನಾನು ನಕ್ಕುಬಿಟ್ಟೆ. ನನ್ನ ಮನೆಯಲ್ಲೂ ಆಗ ಉರಿಯುತ್ತಿದ್ದುದು ಹರಳೆಣ್ಣೆಯ ಮಿಣುಕುದೀಪ. ಯಂತ್ರದ ಎಣ್ಣೆಯನ್ನು ನಾನು ಬಸಿದುಕೊಳ್ಳಬಹುದು ಎಂಬ ಅನುಮಾನದಿಂದ ದೊರೆ ದಿನಾ ಬೆಳಿಗ್ಗೆ ತಾನೇ ಬಂದು ದೀಪ ತುಂಬಿಸುತ್ತಿದ್ದ. ಆಮೇಲೆ ಅದರ ಮುಚ್ಚಳಕ್ಕೆ ತಂತಿ ಸುತ್ತಿ, ಕಾಫಿ ಮೂಟೆಗೆ ಒತ್ತುವ ಸೀಸದ ಮುದ್ರೆ ಒತ್ತಿ ಹೋಗುತ್ತಿದ್ದ.

ಲೈನಿನ ಕೋಣೆಗಳಿಗೆ ಕಿಟಕಿ ಇರಲಿಲ್ಲ. ಓರೆಮಳೆ ಒಳಗೆ ಬಾರದ ಹಾಗೆ ಜಗಲಿಗೆ ಹುಲ್ಲಿನ ತಟ್ಟಿ ಕಟ್ಟಿದರೆ ನಡುಮಧ್ಯಾಹ್ನವೂ ಒಳಗೆ ಕತ್ತಲೆ. ಅಂಥದೊಂದು ಮಧ್ಯಾಹ್ನ ದುಗ್ಗಮ್ಮ ಮಳೆ ತಡೆಯುವ ಎಲೆಯ ಗೊರಬೆ ಹೊದ್ದು ನಮ್ಮ ಅಂಗಳಕ್ಕೆ ಓಡಿ ಬಂದಳು. ಲೈನಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದವಳು ಅವಳೇ. ವಯಸ್ಸಾದ, ಗಟ್ಟಿ ಗಂಟಲಿನ ಹೆಂಗಸು.

"ಶೇಷಿಗೆ ಬೆಳಗಿನಿಂದ ನೋವು ಉಂಟು ಅಯ್ಯ. ಕೂಸು ಕಾಲು ಮುಂದೆ ಮಾಡಿಕೊಂಡು ಬರ್ತಾ ಉಂಟು. ಕೋಣೆಯಲ್ಲಿ ನನ್ನ ಕೈ ನನಗೇ ಕಾಣುವುದಿಲ್ಲ. ಆ ಕೋಳಿಯ ದೀಪ ಕೊಡಿ."

ನಾನು ನಮ್ಮ ಹರಳೆಣ್ಣೆ ದೀಪ ಒಯ್ಯಲು ಹೇಳಿದೆ. ಅವಳು ಅದನ್ನು ನೋಡಿ ತಲೆ ಅಲ್ಲಾಡಿಸಿದಳು.

"ಅದು ದೇವರಿಗೆ ಸಾಕು. ನನಗೆ ಸಾಲುವುದಿಲ್ಲ."

ನಾನು ಒಳಕೋಣೆಯ ಕಡೆ ನೋಡಿದೆ, ಅಂಗಳದ ಕಡೆ ನೋಡಿದೆ. ದೀಪ ಹೋದರೆ ಮೊಟ್ಟೆ ಹೋಗುತ್ತದೆ, ಮೊಟ್ಟೆ ಹೋದರೆ ನೌಕರಿ, ನೌಕರಿ ಹೋದರೆ ತುಂಬು ಬಸುರಿಯನ್ನು ಕರೆದುಕೊಂಡು ಈ ಮಳೆಯಲ್ಲಿ ಎಲ್ಲಿಗೆ? ಅಷ್ಟರಲ್ಲಿ ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು, ಒಂದೂವರೆ ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ಏನು ನೋಡ್ತಾ ನಿಂತಿದೀಯ? ಕೊಟ್ಟು ಕಳಿಸು."

ದೀಪ ಬಿಚ್ಚಿದೆ. ತಗಡಿನ ಚಿಮಣಿ ತೆಗೆದು ನಮ್ಮ ಮೇಜಿನ ದೀಪದ ಗಾಜಿನ ಚಿಮಣಿ ಕೂರಿಸಿದೆ. ದುಗ್ಗಮ್ಮ ಅದನ್ನು ಗೊರಬೆಯೊಳಗೆ ಅವುಚಿಕೊಂಡು ಹೋದಳು. ಕಾವಿಗೆ ಕೂತ ಕೋಳಿಯೂ ದಿನಕ್ಕೊಮ್ಮೆ ಎದ್ದು ಮೇಯಲು ಹೋಗುತ್ತದೆ, ಸ್ವಲ್ಪ ಹೊತ್ತು ತಣ್ಣಗಾದರೆ ಮೊಟ್ಟೆಗೆ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಸುಳ್ಳಲ್ಲ, ಕರೆಂಟು ಹೋದಾಗ ನಿಮಗೂ ಉಪಯೋಗಕ್ಕೆ ಬರುತ್ತದೆ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ ಕಾದೆ.

ಮಳೆ ಸ್ವಲ್ಪ ಹಿಡಿದಾಗ ಲೈನಿಗೆ ಹೋದೆ. ದುಗ್ಗಮ್ಮ ಕೈ ಒರೆಸುತ್ತ ಬಾಗಿಲಿಗೆ ಬಂದಳು. ಹೆಣ್ಣುಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ನಾನು ದೀಪ ಕೇಳಿದೆ.

"ಪುರುಡಿನ ಕೋಣೆಯ ದೀಪ ಅಯ್ಯ," ಎಂದಳು, ಏನೂ ತಿಳಿಯದ ಮಗುವಿಗೆ ಹೇಳುವ ಹಾಗೆ. "ಹೊರಗೆ ಬರುವುದುಂಟಾ? ಆರಿಸುವ ಹಾಗೂ ಇಲ್ಲ. ಪುರುಡು ಕಳೆಯಲಿ."

ಕೊಡುವಾಗ ಇದು ನನಗೆ ಹೊಳೆಯಲೇ ಇಲ್ಲ. ಹೆರಿಗೆಯ ಮನೆಯ ಸೂತಕ ಕಳೆಯುವವರೆಗೆ ಅಲ್ಲಿ ಹಚ್ಚಿದ ದೀಪ ಆರಬಾರದು, ಒಳಗೆ ಹೋದ ವಸ್ತು ಹೊರಗೆ ಬರಬಾರದು. ನಮ್ಮ ಮನೆಯಲ್ಲೂ ಇದೇ ರೂಢಿ. ಕೋಳಿ ಎಷ್ಟು ಹೊತ್ತು ಎದ್ದು ಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆನೇ ಹೊರತು ಹೆಂಗಸರ ಶಾಸ್ತ್ರದ ಲೆಕ್ಕ ಹಾಕಿರಲಿಲ್ಲ.

ಮಾರನೆಯ ಬೆಳಿಗ್ಗೆ ದೊರೆ ಎಣ್ಣೆ ಡಬ್ಬ ಹಿಡಿದು ಬಂದ. ಯಂತ್ರ ತಣ್ಣಗೆ ಕೂತಿತ್ತು. ನಡೆದದ್ದನ್ನು ಹೇಳಿದೆ. ಅವನ ಮೂಗಿನಿಂದ ಕಿವಿಯವರೆಗೆ ಕೆಂಪೇರಿತು. ಆದರೆ ಶಾಸ್ತ್ರ ಎಂಬ ಮಾತು ಬಂದೊಡನೆ ಅಲ್ಲಿಗೇ ನಿಂತ. ಅದಕ್ಕೆ ಕಾರಣವಿತ್ತು. ಯಂತ್ರ ಬರುವುದಕ್ಕೆ ಮುಂಚಿನ ಒಂದು ಕೊಯ್ಲಿನ ಕಾಲದಲ್ಲಿ ನೆರಳು ಜಾಸ್ತಿಯಾಯಿತೆಂದು ಅಳೆದು ಒಂದು ಮರ ಕಡಿಸಿದ್ದ. ಆಳುಗಳ ಭೂತದ ಕಲ್ಲು ಅದರ ಬುಡದಲ್ಲಿತ್ತು. ಮಾರನೆಯ ದಿನವೇ ಲೈನಿಗೆ ಲೈನೇ ಗಂಟುಮೂಟೆ ಕಟ್ಟಿಕೊಂಡು ಚಾರ್ಮಾಡಿ ಇಳಿದು ಊರಿಗೆ ಹೋಗಿಬಿಟ್ಟಿತ್ತು. ಕೊಯ್ಯುವವರಿಲ್ಲದೆ ಹಣ್ಣು ನೆಲಕ್ಕೆ ಉದುರಿತು. ಆಮೇಲೆ ಎಸ್ಟೇಟಿನ ಒಡೆತನದ ವಿಲಾಯತಿಯ ಕಂಪನಿ ಅವನಿಗೆ ಏನು ಬರೆಯಿತೋ ಗೊತ್ತಿಲ್ಲ, ಎರಡು ದಿನ ಥರ್ಮಾಮೀಟರನ್ನೂ ಮುಟ್ಟಿರಲಿಲ್ಲ.

ಆದರೂ ರೈಟರನ ಮಾತು ನಂಬುವುದು ಹೇಗೆ? ನಿನ್ನ ತಾಯಿಯನ್ನು ಕೇಳುತ್ತೇನೆ ಎಂದ. ಲೈನಿನವರ ಪರವಾಗಿ ಅಮ್ಮ ಎರಡನೆಯ ಸಲ ಬಾಯಿ ಬಿಡುತ್ತಾಳೆ ಎಂಬ ನಂಬಿಕೆ ನನಗಿರಲಿಲ್ಲ. ಅವಳು ಬಾಗಿಲ ಹಿಂದೆ ನಿಂತು ನಿಧಾನವಾಗಿ ಹೇಳಿದಳು.

"ಪುರುಡಿನ ಮನೆ ಹೊಕ್ಕ ದೀಪ ಪುರುಡು ಕಳೆಯೋವರೆಗೆ ಹೊಸಲು ದಾಟೋ ಹಾಗಿಲ್ಲ. ದಾಟಿ ಬಂದ್ರೂ ನನ್ನ ಮನೆ ಒಳಗೆ ಬರೋ ಹಾಗಿಲ್ಲ. ಎಣ್ಣೆ ಇಲ್ಲದೆ ಆರಿಹೋದ್ರೆ ಇಡೀ ಎಸ್ಟೇಟಿಗೇ ಒಳ್ಳೇದಲ್ಲ. ದೊರೆಗಳಿಗೆ ಹೇಳೋ."

ಮೊದಲ ಎರಡು ಮಾತು ಶಾಸ್ತ್ರ. ಮೂರನೆಯದು ಅಮ್ಮ ಅಲ್ಲೇ ನಿಂತು ಹೊಸೆದದ್ದು. ಅವಳಿಗೆ ಶೇಷಿಯ ಮೇಲೆ ಕನಿಕರ ಎಷ್ಟಿತ್ತೋ, ಮೊಟ್ಟೆಗಳನ್ನು ಮನೆಯಿಂದ ಹೊರಗೆ ಹಾಕುವ ಆಸೆ ಎಷ್ಟಿತ್ತೋ ನಾನು ತೂಗಿ ನೋಡಲಾರೆ. ಎರಡೂ ಒಂದೇ ಹಾದಿಯಲ್ಲಿ ಸಿಕ್ಕಿದವು. ದೊರೆ ಡಬ್ಬವನ್ನು ನನ್ನ ಕೈಗೆ ಕೊಟ್ಟು, ಲೈನಿಗೆ ಒಯ್ದು ಸುರಿ, ಆರಲು ಬಿಡಬೇಡ ಎಂದ. ಅವನು ಒತ್ತಿದ್ದ ಸೀಸದ ಮುದ್ರೆಯನ್ನು ದುಗ್ಗಮ್ಮ ಕುಡುಗೋಲಿನ ತುದಿಯಿಂದ ಕಿತ್ತು ಬಿಸಾಡಿದಳು.

ತಣ್ಣಗಾದ ಮೊಟ್ಟೆಗಳನ್ನು ಹಲಸಿನ ಮರದ ಬುಡದಲ್ಲಿ ಹೂಳಿದೆ. ಬೇಸರವಾಯಿತು. ಆದರೆ ಆ ಯಂತ್ರದಿಂದ ಮಾಮೂಲಾಗಿ ಎಷ್ಟು ಬದುಕುತ್ತಿದ್ದವು ಎಂದು ನೆನೆದಾಗ ಬೇಸರ ಅಷ್ಟಕ್ಕೇ ನಿಂತಿತು.

ಶೇಷಿಯ ಪುರುಡು ಕಳೆಯುವ ಹಿಂದಿನ ದಿನ ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳಿಗೆ ಹೆರಿಗೆಯಾಯಿತು. ಪುರುಡಿನ ಕೋಣೆಯಿಂದ ಪುರುಡಿನ ಕೋಣೆಗೆ ದೀಪ ಹೋಗುವುದಕ್ಕೆ ಅಡ್ಡಿಯಿಲ್ಲ ಎಂದು ದುಗ್ಗಮ್ಮ ತೀರ್ಪು ಕೊಟ್ಟಳು. ಅಮ್ಮನನ್ನೂ ಕೇಳಿ ಕಳಿಸಿದರು, ಅವಳೂ ಹೌದೆಂದಳು. ಅದು ಕಳೆಯುವುದರೊಳಗೆ ಮೂರನೆಯದು, ಅದರ ಹಿಂದೆ ನಾಲ್ಕನೆಯದು. ಇದೇನು, ಯಾವಾಗಲೂ ಯಾರಾದರೂ ಹೆರುತ್ತಲೇ ಇರುತ್ತಾರೆಯೇ ಎಂದು ದೊರೆ ಕೇಳಿ ಕಳಿಸಿದ. ಹಣ್ಣು ಕೊಯ್ಲಿನ ಕಾಲಕ್ಕೆ ಗಂಡಸರೆಲ್ಲ ಲೈನಿನಲ್ಲೇ ಇದ್ದರಲ್ಲ, ತಿಂಗಳ ಲೆಕ್ಕ ದೊರೆಗಳೇ ಹಾಕಿಕೊಳ್ಳಲಿ ಎಂದು ದುಗ್ಗಮ್ಮ ಹೇಳಿ ಕಳಿಸಿದಳು. ಆ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗಾಲದಲ್ಲಿ ಹೀಗಾಗುವುದುಂಟು ಎಂದಷ್ಟೇ ಹೇಳಿದೆ.

ಸಂಜೆ ನಾನು ಎಣ್ಣೆ ಸುರಿಯಲು ಹೋದಾಗ ನೋಡುತ್ತಿದ್ದೆ. ಬಾಣಂತಿಯ ಕೋಣೆಯ ಬಾಗಿಲು ಅರ್ಧ ತೆರೆದಿರುತ್ತಿತ್ತು. ಅಲ್ಲಿಂದ ಜಗಲಿಗೆ ಬಿದ್ದ ಬೆಳಕಿನಲ್ಲಿ ಒಬ್ಬಳು ಅಕ್ಕಿ ಆರಿಸುತ್ತಿದ್ದಳು, ಒಬ್ಬಳು ಹರಿದ ಕಂಬಳಿ ಹೊಲಿಯುತ್ತಿದ್ದಳು, ಐತ ಮೇಸ್ತ್ರಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕೀಳುತ್ತಿದ್ದ. ಎಣ್ಣೆ ನಿಂತಾಗಿನಿಂದ ಕತ್ತಲಲ್ಲಿ ಉಂಡು ಕತ್ತಲಲ್ಲೇ ಮಲಗುತ್ತಿದ್ದ ಜನ. ನನಗೆ ನಾಚಿಕೆಯಾಯಿತು. ಒಂದು ಬೆಳಕಿಗೆ ಇಷ್ಟೊಂದು ಕೆಲಸವಿದೆ ಎಂದು ನನಗಾಗಲಿ ದೊರೆಗಾಗಲಿ ತೋಚಿರಲಿಲ್ಲ.

ದೊರೆ ಬಂಗಲೆಯ ಮೇಜಿನ ದೀಪವನ್ನು ಯಂತ್ರಕ್ಕೆ ಕೂರಿಸಲು ಒಮ್ಮೆ ನೋಡಿದ. ಅದು ಹೊಂದಲಿಲ್ಲ, ಪೆಟ್ಟಿಗೆ ತುಂಬ ಹೊಗೆ, ಮೊಟ್ಟೆಗಳೆಲ್ಲ ಕರಿ. ಹೊಸ ದೀಪಕ್ಕೆ ಬರೆದರೆ ಬರಲು ಹಡಗಿಲ್ಲ. ಯಂತ್ರ ನಮ್ಮ ಒಳಕೋಣೆಯಲ್ಲಿ ಸುಮ್ಮನೆ ನಿಂತಿತು. ದೇವರನ್ನು ವಾಪಸು ತರಲು ಅಮ್ಮ ದಿನ ನೋಡುತ್ತಿದ್ದಳು.

ಅವಳು ದಿನ ನೋಡುತ್ತಿರುವಾಗಲೇ, ಒಂದು ಬೆಳಿಗ್ಗೆ, ಹೇಳಿದ್ದಕ್ಕಿಂತ ಮೊದಲೇ ಲಲಿತೆಗೆ ನೋವು ಶುರುವಾಯಿತು. ಮೂಡಿಗೆರೆಗೆ ಓಡಿದ ಆಳು ಅರ್ಧ ದಾರಿಯಿಂದ ತಿರುಗಿ ಬಂದ. ಹಳ್ಳ ಮೋರಿಯನ್ನು ಕೊಚ್ಚಿಕೊಂಡು ಹೋಗಿತ್ತು. ಒಳಗೆ ಲಲಿತೆ ನರಳುವುದು ಕೇಳುತ್ತಿತ್ತು. ಅಮ್ಮ ಒಳಗೆ ಹೋಗುವಳು, ಹೊರಗೆ ಬರುವಳು. ಹಡೆದವಳು ನಾಲ್ಕು ಸಲ, ಉಳಿದವನು ನಾನೊಬ್ಬ. ಮಿಕ್ಕ ಮೂವರ ಬಗ್ಗೆ ಅವಳು ಎಂದೂ ಮಾತಾಡಿದವಳಲ್ಲ. ಆ ದಿನ ಅವಳ ಮುಖದಲ್ಲಿ ಅವರು ಮೂವರೂ ಇದ್ದರು. ದುಗ್ಗಮ್ಮನನ್ನು ಕರೆಯಲೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳದೆ ಇರುವ ಧೈರ್ಯವೂ ಇರಲಿಲ್ಲ.

ಯಾರು ಹೇಳಿದರೋ, ದುಗ್ಗಮ್ಮ ತಾನಾಗಿಯೇ ಬಂದಳು. ನಾಲ್ಕನೆಯ ಬಾಣಂತಿಯ ಪುರುಡು ಹಿಂದಿನ ದಿನವಷ್ಟೇ ಕಳೆದಿತ್ತು. ಗೊರಬೆಯೊಳಗೆ ಉರಿಯುತ್ತಿದ್ದ ದೀಪ ಹಿಡಿದು, ಸುರಿಯುವ ಮಳೆಯಲ್ಲಿ, ಎಂದಿನ ಹಾಗೆ ಅಂಗಳದಲ್ಲೇ ನಿಂತಳು. ಅಮ್ಮ ಬಾಗಿಲಿಗೆ ಬಂದಳು.

"ದೀಪ ತಂದಿದ್ದೇನೆ ಅಮ್ಮ."

"ಒಳಗೆ ತಗೊಂಡು ಬಾ."

ದುಗ್ಗಮ್ಮ ಕದಲಲಿಲ್ಲ. "ದೀಪ ಮಾತ್ರ ಬರಬೇಕಾ, ನಾನೂ ಬರಬಹುದಾ?"

ಅಂಥ ಹೊತ್ತಿನಲ್ಲಿ ಕೇಳುವ ಮಾತೇ ಎಂದು ಆ ಕ್ಷಣ ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವಳಿಗೆ ಆ ಮಾತು ಕೇಳಲು ಬೇರೆ ಹೊತ್ತು ಯಾವತ್ತೂ ಸಿಗುತ್ತಿರಲಿಲ್ಲ. ಅಮ್ಮ ಒಂದು ಸಲ ಕಣ್ಣು ಮುಚ್ಚಿದಳು. ಆಮೇಲೆ ಹೊಸಲು ದಾಟಿ ಮಳೆಗೆ ಇಳಿದು, ದುಗ್ಗಮ್ಮನ ಕೈ ಹಿಡಿದಳು.

"ನೀನಿಲ್ಲದೆ ಆ ದೀಪ ಕಟ್ಟಿಕೊಂಡು ನಾನೇನು ಮಾಡ್ಲಿ? ಬಾ ಮಾರಾಯ್ತಿ, ಬೇಗ ಬಾ."

ಯಂತ್ರವನ್ನು ನಾನೂ ಐತನೂ ಎತ್ತಿ ಜಗಲಿಗೆ ಹಾಕಿದೆವು. ಅದು ನಿಂತಿದ್ದ ಜಾಗದಲ್ಲೇ ಚಾಪೆ ಹಾಸಿದರು. ಇಡೀ ಎಸ್ಟೇಟಿನಲ್ಲಿ ಅತಿ ಸ್ಥಿರವಾದ ಶಾಖದ ಆ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನನ್ನ ಮಗ ಹುಟ್ಟಿದ. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿತ್ತಂತೆ. ದೀಪ ಹತ್ತಿರವಿದ್ದುದರಿಂದ ಕಂಡಿತು ಎಂದು ದುಗ್ಗಮ್ಮ ಆಮೇಲೆ ಹೇಳಿದಳು. ಪುರುಡಿನ ಮನೆ ಹೊಕ್ಕವರು ನಡುವೆ ಹೊರಗೆ ಹೋಗಿ ಬಂದು ಮಾಡುವ ಹಾಗಿಲ್ಲ ಎಂದು ಅಮ್ಮ ಅವಳನ್ನು ಮನೆಯಲ್ಲೇ ಉಳಿಸಿಕೊಂಡಳು. ಇದು ಶಾಸ್ತ್ರದಲ್ಲಿದೆಯೇ ಎಂದು ನಾನು ಕೇಳಲು ಹೋಗಲಿಲ್ಲ.

ಕೆಲವು ದಿನ ಕಳೆದು ದೊರೆ ಬಂದ. ಜಗಲಿಯಲ್ಲಿದ್ದ ಯಂತ್ರವನ್ನು ನೋಡಿದ. ಅದರ ಗಾಜಿನ ಬಾಗಿಲಿನ ಮೇಲೆ ಅಮ್ಮ ಕೂಸಿನ ಬಟ್ಟೆ ಒಣಹಾಕಿದ್ದಳು. ಒಳಕೋಣೆಯ ಬಾಗಿಲ ಸಂದಿನಿಂದ ಬೆಳಕು ಬರುತ್ತಿತ್ತು. ಅದು ನನ್ನ ಲ್ಯಾಂಪಲ್ಲವೇ ಎಂದು ಕೇಳಿದ. ಹೌದೆಂದೆ. ಹಾಗಾದರೆ ಮೊದಲಿದ್ದ ಜಾಗಕ್ಕೇ ಬಂದಿದೆಯಲ್ಲ ಎಂದು ಮೀಸೆಯಡಿಯಲ್ಲಿ ನಕ್ಕು, ನನ್ನನ್ನು ಚುಚ್ಚುವುದಕ್ಕೆಂದೇ ತನ್ನ ಎರಡು ಪ್ರಶ್ನೆ ಹಾಕಿದ.

"ಈ ಮಳೆಯಲ್ಲಿ ನನ್ನ ಲ್ಯಾಂಪು ಏನು ಮಾಡಿತು, ರೈಟರ್? ಇಟ್ಟಿದ್ದು ಎಷ್ಟು, ಬದುಕಿದ್ದು ಎಷ್ಟು?"

ಉತ್ತರ ಒಳಗಿನಿಂದ ಬಂತು, ಅಮ್ಮನ ದನಿಯಲ್ಲಿ.

"ಇಟ್ಟಿದ್ದು ಐದು, ಬದುಕಿದ್ದು ಐದು ಅಂತ ಹೇಳೋ."

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಲಿಲ್ಲ. ದೊರೆ ಅಭ್ಯಾಸದಂತೆ ಜೇಬಿನ ಗಾಜುಕಡ್ಡಿಗೆ ಕೈ ಹಾಕಿದ, ತೆಗೆಯಲಿಲ್ಲ. ಮೆಟ್ಟಿಲಿಳಿದ. ಅಂಗಳದ ನಡುವೆ ತಿರುಗಿ, ಎರಡು ಪ್ರಶ್ನೆಗಳನ್ನು ಬಿಟ್ಟು ಬೇರೆಯದನ್ನು ಕೇಳಿದ.

"ಎಣ್ಣೆ ಸಾಲ್ತಾ ಇದೆಯಾ?"

ಇಲ್ಲ ಎಂದು ಒಳಗಿನಿಂದ ಅಮ್ಮನೂ ದುಗ್ಗಮ್ಮನೂ ಒಟ್ಟಿಗೆ ಹೇಳಿದರು.